ಮಾವನವರ ಕ್ಷೌರದ ಕತ್ತಿ

ಮಾಡಿದ ತಪ್ಪನ್ನು ಹೇಳದೆ ಇಪ್ಪತ್ತೈದು ವರ್ಷ ಸಂಸಾರ ಮಾಡುವುದು ಅಂಥ ಕಷ್ಟವೇನಲ್ಲ, ಅಭ್ಯಾಸವಾಗಿಬಿಡುತ್ತದೆ. ನನಗೂ ಆಗಿತ್ತು. 2021ರಲ್ಲಿ ನಮ್ಮನೆಯವರು ರಿಟೈರ್ ಆಗಿ ಮನೆಯಲ್ಲಿ ಕೂತರು ನೋಡಿ, ಆಗ ಆ ತಪ್ಪು ಎದ್ದು ಬಂತು.

"ಅಪ್ಪನ ಕ್ಷೌರದ ಕತ್ತಿ ಎಲ್ಲಿಟ್ಟಿದ್ದೀಯೇ? ಇನ್ನು ನಾನೂ ಅದರಲ್ಲೇ ಗಡ್ಡ ತೆಗೀತೀನಿ. ಬೆಳಿಗ್ಗೆ ಬಸ್ಸು ಹಿಡಿಯೋ ಗಡಿಬಿಡಿ ಇಲ್ವಲ್ಲ" ಅಂದರು ಒಂದು ದಿನ.

"ಅಟ್ಟದ ಮೇಲಿರಬೇಕು, ನೋಡ್ತೀನಿ" ಅಂದೆ. ಅಟ್ಟದ ಮೇಲೆ ಇರಲಿಲ್ಲ. ಇರುವುದಿಲ್ಲವೆಂದು ನನಗೆ ಗೊತ್ತಿತ್ತು.

ನಾನು ಮದುವೆಯಾಗಿ ಸಾಗರಕ್ಕೆ ಬಂದದ್ದು 1986ರಲ್ಲಿ. ಮಾವನವರು ದಿನ ಬಿಟ್ಟು ದಿನ ಜಗಲಿಯ ಕಂಬಕ್ಕೆ ಚರ್ಮದ ಪಟ್ಟಿ ತಗುಲಿಸಿ, ಕತ್ತಿಯನ್ನು ಅದರ ಮೇಲೆ ಸರ್ ಸರ್ ಎಂದು ಎಳೆಯುತ್ತಿದ್ದರು. ಆ ಸದ್ದು ಕೇಳಿದ ಕೂಡಲೇ ಅತ್ತೆ ಏನೂ ಹೇಳಿಸಿಕೊಳ್ಳದೆ ಒಂದು ಚೊಂಬು ಬಿಸಿನೀರು ತಂದು ಅವರ ಮಗ್ಗುಲಿಗೆ ಇಡುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡಿದವರಲ್ಲ. ಆ ಚೊಂಬೇ ಅವರ ಮಾತು ಅಂತ ನನಗೀಗ ಅನ್ನಿಸುತ್ತದೆ.

ಮಾವನವರು 1993ರಲ್ಲಿ ತೀರಿಕೊಂಡರು. 1996ರ ದೀಪಾವಳಿಗೆ ಮನೆ ಗುಡಿಸುತ್ತಿದ್ದಾಗ ಬೀದಿಯಲ್ಲಿ "ಹಳೇ ಕಬ್ಬಿಣ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೇ" ಎಂಬ ಕೂಗು. ತುಕ್ಕು ಹಿಡಿದ ಬೀಗ, ಮುರಿದ ಕತ್ತರಿ ಇದ್ದ ತಗಡಿನ ಪೆಟ್ಟಿಗೆಯನ್ನು ಹಾಗೇ ಎತ್ತಿ ಕೊಟ್ಟೆ. ಕತ್ತಿ ಅದರಲ್ಲಿತ್ತು. ನೋಡದೆ ಕೊಟ್ಟೆ ಎಂದರೆ ಸುಳ್ಳಾದೀತು. ನೋಡಿದ್ದೆ. "ಇನ್ಯಾರಿಗೆ ಬೇಕು ಇದು" ಅಂದುಕೊಂಡೆ. ಬದಲಿಗೆ ಬಂದ ಸ್ಟೀಲ್ ಡಬ್ಬಿಯಲ್ಲಿ ಇವತ್ತಿಗೂ ಚಕ್ಕುಲಿ ತುಂಬಿಡುತ್ತೇನೆ.

ಹೊಸದೊಂದು ತಂದುಕೊಟ್ಟು ತಪ್ಪನ್ನು ಮುಚ್ಚಿಬಿಡೋಣ ಎಂದುಕೊಂಡೆ. ಮಗಳ ಫೋನಿನಲ್ಲಿ ಹುಡುಕಿಸಿ, ಆರುನೂರು ರೂಪಾಯಿಗೆ ಥಳಥಳ ಹೊಳೆಯುವ ಒಂದನ್ನು ತರಿಸಿದೆ. ಆದರೆ ಗಡ್ಡ ತೆಗೆಯುವ ಕತ್ತಿಯ ಗುಣ ನನಗೇನು ಗೊತ್ತು? ಯಾರಿಗಾದರೂ ತೋರಿಸಬೇಕಲ್ಲ. ನಮ್ಮೂರಿನ ಒಂದು ಹಳೇ ಕ್ಷೌರದಂಗಡಿಯ ಹಿರಿಯರು ನೆನಪಾದರು. ಹೆಂಗಸು ಹೋಗಿ ಆ ಅಂಗಡಿ ಬಾಗಿಲಲ್ಲಿ ನಿಂತರೆ ಹೇಗಿರುತ್ತದೆ ನೀವೇ ಊಹಿಸಿ. ಮುಖಕ್ಕೆ ನೊರೆ ಹಚ್ಚಿಕೊಂಡು ಕೂತಿದ್ದ ಇಬ್ಬರು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು.

"ಯಜಮಾನ್ರೇ, ಇದೊಂದು ನೋಡಿ ಹೇಳ್ತೀರಾ?"

ಅವರು ಕತ್ತಿ ಬಿಚ್ಚಿದರು, ಕಣ್ಣ ಮಟ್ಟಕ್ಕೆ ಹಿಡಿದರು, ಮಡಚಿ ವಾಪಸು ಕೊಟ್ಟರು. "ಇದು ಕತ್ತಿ ಥರಾ ಇದೆಯಮ್ಮಾ, ಕತ್ತಿ ಅಲ್ಲ. ಎಷ್ಟು ಮಸೆದರೂ ಮೊನೆ ನಿಲ್ಲಲ್ಲ. ಮಡಚಿದಾಗ ನೋಡಿ, ಅಲಗು ಹಿಡಿಯ ನಡುವೆ ಬರದೆ ಒಂದು ಪಕ್ಕಕ್ಕೆ ತಾಗ್ತದೆ. ಸೊಟ್ಟ ಇದೆ."

ಗಿರಾಕಿಗಳು ಎದ್ದುಹೋದ ಮೇಲೆ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳಿದರು. ಅರ್ಧ ಗಂಟೆಯಲ್ಲಿ ನಾನು ಕಲಿತದ್ದು ಇಷ್ಟು; ನಿಮ್ಮ ಮನೆಯ ಗಂಡಸರಿಗೂ ಈ ಹುಚ್ಚು ಹಿಡಿದರೆ ಉಪಯೋಗಕ್ಕೆ ಬಂದೀತು.

ಮೊದಲು ಉಕ್ಕು. ನಮ್ಮ ಈಳಿಗೆಮಣೆಯನ್ನೇ ನೆನೆಸಿಕೊಳ್ಳಿ. ಕಬ್ಬಿಣದ ಈಳಿಗೆ ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ, ಒದ್ದೆ ಇಟ್ಟರೆ ತುಕ್ಕು; ಆದರೆ ಮಸೆದರೆ ಬೇಗ ಹರಿತವಾಗುತ್ತದೆ. ಸ್ಟೀಲಿನದು ತುಕ್ಕು ಹಿಡಿಯುವುದು ಕಡಿಮೆ, ಮಸೆಯುವುದು ಕಷ್ಟ. ಕ್ಷೌರದ ಕತ್ತಿಯಲ್ಲೂ ಕಾರ್ಬನ್ ಉಕ್ಕು, ಸ್ಟೇನ್‌ಲೆಸ್ ಉಕ್ಕು ಎಂದು ಎರಡುಂಟು. ಒರೆಸಿ ಒಣಗಿಸುವ ತಾಳ್ಮೆ ಇದ್ದರೆ ಕಲಿಯುವವರಿಗೆ ಕಾರ್ಬನ್ ಒಳ್ಳೆಯದು.

ಎರಡನೆಯದು ಅಗಲ. ಅದನ್ನು ಇಂಚಿನ ಎಂಟನೇ ಭಾಗಗಳಲ್ಲಿ ಅಳೆಯುತ್ತಾರೆ. ಹೊಸಬರಿಗೆ ಐದು ಅಥವಾ ಆರು ಭಾಗದ್ದು, ಅಂದರೆ ಸುಮಾರು 16ರಿಂದ 19 ಮಿಲಿಮೀಟರಿನದು, ಕೈಗೆ ಹೊಂದುತ್ತದೆ. ಅದಕ್ಕಿಂತ ಅಗಲವಾದದ್ದು ಮೂಗಿನ ಕೆಳಗೆ ತಿರುಗುವುದಿಲ್ಲ.

ಮೂರನೆಯದು ತುದಿ. ಚೂಪು ತುದಿ ನೋಡಲು ಚೆಂದ, ಆದರೆ ಕಿವಿಯ ಹತ್ತಿರ ಕೈ ತಪ್ಪಿದರೆ ಕಚ್ಚುತ್ತದೆ. ಕಲಿಯುವವರು ದುಂಡು ತುದಿಯದನ್ನೇ ತರಬೇಕು.

ನಾಲ್ಕನೆಯದು ಮಸೆತ. ಕತ್ತಿಯ ಬೆನ್ನು ದಪ್ಪ, ಎರಡು ಬದಿಯೂ ಒಳಕ್ಕೆ ಬಾಗಿ, ಅಂಚಿಗೆ ಬರುವಷ್ಟರಲ್ಲಿ ಕಾಗದದಷ್ಟು ತೆಳು. ಈ ದಪ್ಪ ಬೆನ್ನು ಸುಮ್ಮನೆ ಇಲ್ಲ. ಸಾಣೆಕಲ್ಲಿನ ಮೇಲೆ ಕತ್ತಿ ಮಲಗಿಸಿದಾಗ ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ, ಬೇಕಾದ ಓರೆ ತಾನಾಗಿ ಬರುತ್ತದೆ. ಹಳೇ ಕತ್ತಿ ಕೊಳ್ಳುವುದಾದರೆ ಅದಕ್ಕೇ ಬೆನ್ನು ನೋಡಬೇಕು. ಒಂದೇ ಕಡೆ ಸವೆದಿದ್ದರೆ, ಅಂಚಿನಲ್ಲಿ ತುಕ್ಕಿನ ಕುಳಿ ಇದ್ದರೆ ಬೇಡ. ಹಿಡಿ ಮುರಿದಿದ್ದರೆ ಬದಲಾಯಿಸಬಹುದು, ಅಲಗು ಹೋದರೆ ಏನೂ ಮಾಡಲಾಗದು.

"ನೀವ್ಯಾಕೆ ಈಗ ಇಂಥದ್ದು ಬಳಸಲ್ಲ?" ಎಂದು ಕೇಳಿದೆ.

"ಹಿಂದೆ ಒಂದೇ ಕತ್ತಿ ಎಲ್ಲರ ಮುಖದ ಮೇಲೂ ಓಡ್ತಿತ್ತು. ಏಡ್ಸ್ ಸುದ್ದಿ ಬಂದ ಮೇಲೆ ಜನ ಹೆದರಿದ್ರು, ಹೆದರಿದ್ದೂ ಸರಿ. ಈಗ ಅರ್ಧ ಬ್ಲೇಡು ಹಾಕೋದು, ಎಸೆಯೋದು. ಮನೇಲಿ ಒಬ್ಬರೇ ಬಳಸೋದಾದ್ರೆ ತೊಂದರೆ ಇಲ್ಲ. ಅಪ್ಪ ಮಗ ಹಂಚ್ಕೋಬಾರದು ಅಷ್ಟೆ."

ಕೊನೆಗೆ, "ನಿಮ್ಮ ಮಾವನವರದ್ದು ಯಾವುದು?" ಅಂದರು. ಬೊಂಬಾಯಿಯಿಂದ ತಂದದ್ದು, ಅಲಗಿನ ಬುಡದಲ್ಲಿ ಸೋಲಿಂಗೆನ್ ಎಂದು ಕೊರೆದಿತ್ತು ಎಂದು ಇವರು ಹೇಳುತ್ತಿದ್ದದ್ದು ನೆನಪಿತ್ತು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಜರ್ಮನಿ ಮಾಲು. ಛೇ" ಅಂದರು. ಆ 'ಛೇ' ನನಗೆ ಚುಚ್ಚಿತು.

ಸೋಲಿಂಗೆನ್ ಜರ್ಮನಿಯ ಪಶ್ಚಿಮ ಭಾಗದ ಒಂದು ಊರು, ನೂರಾರು ವರ್ಷಗಳಿಂದ ಕತ್ತಿ ಚಾಕುಗಳಿಗೇ ಹೆಸರಾದದ್ದು. ಬೇರೆ ಕಡೆ ಮಾಡಿದ್ದರ ಮೇಲೆ ಆ ಊರಿನ ಹೆಸರು ಹಾಕಬಾರದೆಂದು ಅಲ್ಲಿ 1938ರಲ್ಲೇ ಕಾನೂನು ಬಂದಿತ್ತು. ನನ್ನ ತಮ್ಮನ ಮಗಳು ಈಗ ಜರ್ಮನಿಯಲ್ಲಿದ್ದಾಳೆ. ಫೋನು ಮಾಡಿ ಮೇಲಿನ ನಾಲ್ಕೂ ಲಕ್ಷಣ ಬರೆಸಿದೆ. "ಅತ್ತೆ, ಬೆಲೆ ನೂರು ಯೂರೋಗೂ ಮೇಲಿದೆ, ಪರವಾಗಿಲ್ವಾ?" ಅಂದಳು. ಹಪ್ಪಳ ಮಾರಿ ಕೂಡಿಟ್ಟಿದ್ದ ದುಡ್ಡಿತ್ತು. ಓಲೆ ಬದಲಾಯಿಸಬೇಕೆಂದಿದ್ದೆ, ಇರಲಿ. ರಜಕ್ಕೆ ಬರುವಾಗ ಅವಳು ಅದನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ತಂದಳು. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ. ನಮ್ಮ ಹಿರಿಯರು ಅದನ್ನು ನುಣ್ಣನೆಯ ಸಾಣೆಕಲ್ಲಿನ ಮೇಲೆ ಇನ್ನೊಮ್ಮೆ ಮಸೆದು, ಒಂದು ಚರ್ಮದ ಪಟ್ಟಿಯನ್ನೂ ಕೊಟ್ಟರು. ಕೈಕೂಲಿ ತೆಗೆದುಕೊಳ್ಳಲಿಲ್ಲ.

ಇವರ ಮುಂದೆ ಪೆಟ್ಟಿಗೆ ಇಟ್ಟೆ. ಬಿಚ್ಚಿದರು, ಬೆಳಕಿಗೆ ಹಿಡಿದರು, ಮುಖ ಅರಳಿತು. ಆಮೇಲೆ ಕೇಳಿದರು, "ಅಪ್ಪನದು ಸಿಗಲಿಲ್ವಾ?"

ಸಿಗಲಿಲ್ಲ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕೈಯಲ್ಲಿ ಅಂಥ ಕತ್ತಿ ಹಿಡಿದು ನಿಂತವರಿಗೆ ಸುಳ್ಳು ಹೇಳಲಾಗಲಿಲ್ಲ. ಡಬ್ಬಿಯ ಕಥೆ ಪೂರಾ ಹೇಳಿದೆ. ಅವರು ಬೈಯಲಿಲ್ಲ. ಕತ್ತಿ ಮಡಚಿ ಪೆಟ್ಟಿಗೆಯಲ್ಲಿಟ್ಟು ತೋಟಕ್ಕೆ ಹೋದರು. ಎರಡು ದಿನ ಊಟಕ್ಕೆ ಕರೆದರೆ ಬಂದರು, ಉಂಡರು, ಎದ್ದರು, ಮಾತಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೂರನೇ ದಿನ ಬೆಳಿಗ್ಗೆ ಅಡಿಗೆಮನೆಯಲ್ಲಿ ದೋಸೆ ಹಿಟ್ಟು ಕಲಸುತ್ತಿದ್ದೆ. ಜಗಲಿಯಲ್ಲಿ ಸರ್ ಸರ್ ಎಂಬ ಸದ್ದು. ಕೈ ತೊಳೆದು, ಹಂಡೆಯಿಂದ ಒಂದು ಚೊಂಬು ಬಿಸಿನೀರು ತೋಡಿ ಅವರ ಮಗ್ಗುಲಿಗೆ ಇಟ್ಟೆ.

"ಬೆನ್ನು ಮುಂದಾಗಿ ಎಳೀಬೇಕಂತೆ. ಅಂಚು ಮುಂದಾದ್ರೆ ಚರ್ಮ ಕತ್ತರಿಸಿಹೋಗತ್ತೆ" ಅಂದೆ.

"ಗೊತ್ತು. ಅಪ್ಪ ಎಳೆಯೋದು ನೋಡಿದೀನಿ" ಅಂದರು. ಎರಡು ದಿನದಲ್ಲಿ ಅದೇ ಮೊದಲ ಮಾತು.

ಅವತ್ತು ಕೆನ್ನೆ ಮಾತ್ರ ಕತ್ತಿಯಲ್ಲಿ, ಗದ್ದ ಕುತ್ತಿಗೆ ಹಳೇ ರೇಜರಿನಲ್ಲಿ. ಹಿರಿಯರು ಹಾಗೇ ಹೇಳಿಕಳಿಸಿದ್ದರು: ಎಡಗೈಯಲ್ಲಿ ಚರ್ಮ ಬಿಗಿ ಹಿಡಿಯಬೇಕು, ಕತ್ತಿಯನ್ನು ಸುಮಾರು ಮೂವತ್ತು ಡಿಗ್ರಿ ಓರೆ ಮಾಡಬೇಕು, ಒತ್ತಬಾರದು. ಆದರೂ ಒಂದು ಕಡೆ ಕೊಯ್ದುಕೊಂಡರು. ಪಟಿಕದ ಕಲ್ಲು ಒದ್ದೆ ಮಾಡಿ ಕೊಟ್ಟೆ.

ಈಗ ಗದ್ದಕ್ಕೂ ಬಂದಿದ್ದಾರೆ. ಗಡ್ಡವಾದ ಮೇಲೆ ಕತ್ತಿ ಒರೆಸಿ ಒಣಗಿಸುವುದು ಅವರ ಕೆಲಸ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಅಷ್ಟು ಸಾಲದು. ಅಲಗಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು ಸವರುವುದು ನನ್ನ ಕೆಲಸ. ಮೊನ್ನೆ ಚಕ್ಕುಲಿ ಕೇಳುವಾಗ, "ಆ ಡಬ್ಬಿಯಿಂದ ಕೊಡು, ದುಬಾರಿ ಡಬ್ಬಿ ಅದು" ಅಂದರು. ಅಷ್ಟು ಹೇಳುವಾಗಲೂ ನಗಲಿಲ್ಲ. ನಾನು ನಾಲ್ಕು ಚಕ್ಕುಲಿ ಹೆಚ್ಚಿಗೆ ಹಾಕಿ ಕೊಟ್ಟೆ.