ಬಾಡಿಗೆಯಿಲ್ಲದ ಬಿಡಾರ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಬಾಡಿಗೆ ಎಂಬ ಮಾತು ಹೊಸದಲ್ಲ. ತಿಂಗಳ ಮೊದಲ ವಾರದಲ್ಲಿ ಮನೆಯೊಡೆಯರ ಮುಖ ಕಂಡೊಡನೆ ಜೇಬು ಮುಟ್ಟಿ ನೋಡಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಹೀಗಿರುವಾಗ ಕಚೇರಿಯ ಪಕ್ಕದ ಮೇಜಿನ ಸ್ನೇಹಿತರು, “ಮನೆಯನ್ನೇ ಮೋಟಾರಿನ ಮೇಲೆ ಕಟ್ಟಿಕೊಂಡು ಹಿಮಾಚಲದ ಬೆಟ್ಟಗಳಲ್ಲಿ ತಿರುಗಬಹುದು. ಮನಸ್ಸು ಬಂದಲ್ಲಿ ನಿಲ್ಲಿಸಿ ಮಲಗಬಹುದು. ಜಾಗಕ್ಕೆ ಯಾರಿಗೂ ಕಾಸು ಕೊಡಬೇಕಾಗಿಲ್ಲ” ಎಂದಾಗ ನನ್ನ ಕಿವಿ ನೆಟ್ಟಗಾದುದರಲ್ಲಿ ಆಶ್ಚರ್ಯವೇನು?

ಹೀಗೆ ಕಳೆದ ಜೂನ್ ತಿಂಗಳಲ್ಲಿ, ಮಗಳ ಶಾಲೆಗೆ ರಜವಿರುವಾಗ, ಹತ್ತು ದಿನದ ರಜೆ ಹಾಕಿ ದೆಹಲಿಯಿಂದ ಹೊರಟೆವು. ನಾನು, ನನ್ನಾಕೆ, ಒಂಬತ್ತು ವರ್ಷದ ಮಗಳು, ಮತ್ತು ನನ್ನ ತಾಯಿ. ತಂದೆಯವರು ತೀರಿಕೊಂಡ ಮೇಲೆ ಅಮ್ಮ ದಾವಣಗೆರೆ ಕಡೆಯ ನಮ್ಮೂರು ಬಿಟ್ಟು ನಮ್ಮೊಡನಿರಲು ಬಂದು ಮೂರು ವರ್ಷವಾಯಿತು. ನಮ್ಮದು ಎರಡನೆಯ ಮಹಡಿಯ ಮನೆ. ಊರಿನ ಅಂಗಳದಿಂದ ತಂದ ತುಳಸಿ ಬಾಲ್ಕನಿಯ ಎಣ್ಣೆ ಡಬ್ಬದಲ್ಲಿ ಬಾಡುತ್ತ, ಚಿಗುರುತ್ತ ಹೇಗೋ ಬದುಕಿತ್ತು. ಅಮ್ಮನೂ ಹಾಗೆಯೇ ಇದ್ದರೆಂದು ಹೇಳಿದರೆ ತಪ್ಪಾಗದು.

ವಾಹನವೆಂದರೆ ಒಂದು ದೊಡ್ಡ ವ್ಯಾನು. ಒಳಗೆ ರೈಲಿನ ಬರ್ತಿನಂತೆ ಮಡಿಸುವ ಹಾಸಿಗೆಗಳು, ಗ್ಯಾಸಿನ ಒಲೆ, ನೀರಿನ ತೊಟ್ಟಿ, ಮೂಲೆಯಲ್ಲೊಂದು ಪುಟ್ಟ ಶೌಚದ ಕೋಣೆ. ಅದರೊಡನೆ ಬೆಟ್ಟದ ದಾರಿ ಬಲ್ಲ ಮಂಡಿಯ ಕಡೆಯ ಚಾಲಕ. ಜಾಗಕ್ಕೆ ಬಾಡಿಗೆಯಿಲ್ಲದಿದ್ದರೂ ವ್ಯಾನಿಗೆ ಇದ್ದೇ ಇತ್ತು. ನಾಲ್ವರು ಹೋಟೆಲಿನಲ್ಲಿ ಇಳಿದಿದ್ದರೆ ಆಗುವುದಕ್ಕಿಂತ ಅದು ಕಡಿಮೆಯೇನಲ್ಲ. ಇಂತಹ ಖಾಸಗಿ ಬಾಡಿಗೆ ವಾಹನದ ಬಿಲ್ಲು ಎಲ್.ಟಿ.ಸಿ.ಯಲ್ಲಿ ಪಾಸಾಗದೆಂಬುದನ್ನು, ಅಂಥ ಬಿಲ್ಲುಗಳ ಮೇಲೆ ಕೆಂಪು ಶಾಯಿಯ ಗೀಟೆಳೆಯುವ ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ!

ದೆಹಲಿಯಿಂದ ಮನಾಲಿಗೆ ಸುಮಾರು 540 ಕಿಲೋಮೀಟರು. ಅಲ್ಲಿ ಎರಡು ರಾತ್ರಿ ತಂಗಿದೆವು. ಇದು ಸೋಮಾರಿತನವಲ್ಲ. ಮನಾಲಿಯ ಎತ್ತರ ಸುಮಾರು 2,050 ಮೀಟರು; ನಾವು ಹೋಗಬೇಕಾದದ್ದು 3,000 ಮೀಟರಿಗೂ ಮೇಲೆ. ಬಯಲುಸೀಮೆಯವರು ಒಂದೇ ಏಟಿಗೆ ಅಷ್ಟೆತ್ತರ ಏರಿ ಮಲಗಿದರೆ ತಲೆನೋವು, ವಾಕರಿಕೆ, ನಿದ್ರೆಯಿಲ್ಲದಿರುವುದು ಕಾಡುತ್ತವೆ. ಅವು ಹೆಚ್ಚಾದರೆ ಹಟ ಹಿಡಿಯದೆ ಕೆಳಗಿಳಿಯುವುದೇ ಮದ್ದು. ವಯಸ್ಸಾದವರು ಜೊತೆಗಿದ್ದಾಗ ವೈದ್ಯರನ್ನು ಮೊದಲೇ ಕಂಡು ಬರುವುದು ಮೇಲು. ನಾವೂ ಹಾಗೆಯೇ ಮಾಡಿದ್ದೆವು.

ಮನಾಲಿಯಿಂದ ಮುಂದೆ ಅಟಲ್ ಸುರಂಗ. 2020ರ ಅಕ್ಟೋಬರ್ 3ರಂದು ತೆರೆದ ಇದರ ಉದ್ದ 9.02 ಕಿಲೋಮೀಟರು. ಅದಕ್ಕೆ ಮೊದಲು ಲಾಹೌಲಿಗೆ ಹೋಗುವವರು 3,978 ಮೀಟರು ಎತ್ತರದ ರೋಹ್ತಾಂಗ್ ಕಣಿವೆಯನ್ನು ಹತ್ತಿ ಇಳಿಯಬೇಕಾಗಿತ್ತು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿ, ಆ ನಾಡಿನ ಜನ ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರವಾಗುತ್ತಿದ್ದರು. ಈಗ ಹತ್ತು ಹದಿನೈದು ನಿಮಿಷದಲ್ಲಿ ಆಚೆ ಬಾಯಿ! ಈಚೆ ದೇವದಾರುಗಳ ದಟ್ಟ ಹಸಿರು, ಆಚೆ ಬೋಳು ಬೆಟ್ಟಗಳು, ಅವುಗಳ ನೆತ್ತಿಯಲ್ಲಿ ಹಿಮ. ಮಗಳು, “ಅಜ್ಜೀ, ಯಾರೋ ಬೇರೆ ಪುಟ ತಿರುಗಿಸಿದ ಹಾಗಾಯ್ತು” ಎಂದಳು.

ತಾಂಡಿ ಎಂಬಲ್ಲಿ ಚಂದ್ರಾ, ಭಾಗಾ ಎಂಬ ಎರಡು ನದಿಗಳು ಕೂಡಿ ಚಂದ್ರಭಾಗಾ ಆಗುತ್ತವೆ. ಕೆಳಗೆ ಹೋದಂತೆ ಅದೇ ಚಿನಾಬ್. ಅಮ್ಮ ವ್ಯಾನಿನಿಂದಿಳಿದು ಕೈಮುಗಿದು, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, “ನಮ್ಮ ತುಂಗೆ ಭದ್ರೆಯರೂ ಹೀಗೇ ಕೂಡ್ತಾರಲ್ಲೋ” ಎಂದರು. ಮೂರು ವರ್ಷದಲ್ಲಿ ಅವರ ದನಿಯಲ್ಲಿ ಅಷ್ಟು ಉತ್ಸಾಹವನ್ನು ನಾನು ಕೇಳಿರಲಿಲ್ಲ.

ಅಲ್ಲಿಂದ ಭಾಗಾ ನದಿಯ ಜೊತೆಯಲ್ಲೇ ಕೇಲಾಂಗ್ ದಾಟಿ ಜಿಸ್ಪಾ ತಲುಪಿದಾಗ ಮಧ್ಯಾಹ್ನ. ಎತ್ತರ ಸುಮಾರು 3,200 ಮೀಟರು. ಅಲ್ಲಿ ಕಣಿವೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ನದಿ ಬೆಣಚುಕಲ್ಲುಗಳ ನಡುವೆ ಹಲವು ಎಳೆಗಳಾಗಿ ಹರಿಯುತ್ತದೆ. ಊರಿನಿಂದ ತುಸು ಮುಂದೆ ಮರಳಿನ ಸಮತಟ್ಟು ಜಾಗವೊಂದು ಕಣ್ಣಿಗೆ ಬಿತ್ತು. ಬೇಲಿಯಿಲ್ಲ, ಫಲಕವಿಲ್ಲ, ನರಪಿಳ್ಳೆಯಿಲ್ಲ. ಪಕ್ಕದಲ್ಲೇ ಕಾಲು ನೆನೆಯುವಷ್ಟು ನೀರು. ನಾನು ಹಿಗ್ಗಿ, “ಇಲ್ಲೇ ಬಿಡಾರ!” ಎಂದೆ. ಬಂಡೆಯ ಮರೆಯಲ್ಲಿ ಒಲೆ ಹೂಡಲೆಂದು ಮಗಳು ಆಗಲೇ ಮೂರು ಕಲ್ಲು ತಂದಿಟ್ಟಿದ್ದಳು. ಚಾಲಕ ಮಾತ್ರ ನೀರಿನತ್ತ ಒಮ್ಮೆ, ಬೆಟ್ಟದತ್ತ ಒಮ್ಮೆ ನೋಡಿ ಸುಮ್ಮನಿದ್ದ.

ಅಮ್ಮ ಇಳಿಯಲಿಲ್ಲ. “ಇದು ಯಾರ ಜಾಗನಪ್ಪಾ?” ಎಂದರು.

“ಯಾರದೂ ಅಲ್ಲಮ್ಮ. ಬೇಲಿಯೇ ಇಲ್ಲವಲ್ಲ.”

“ಬೇಲಿ ಇಲ್ಲ ಅಂದ್ರೆ ಒಡೆಯರಿಲ್ಲ ಅಂತಲ್ಲ. ನಮ್ಮ ಹೊಲಕ್ಕೆ ಯಾವ ಬೇಲಿ ಇತ್ತು? ಕುರುಬರು ವರ್ಷಾ ಬರೋರು, ಆದ್ರೂ ನಿಮ್ಮಪ್ಪನ್ನ ಕೇಳದೆ ಒಂದು ಕುರೀನೂ ನಿಲ್ಲಿಸ್ತಿರಲಿಲ್ಲ. ಹೋಗಿ ಕೇಳ್ಕೊಂಡು ಬಾ. ಆಮೇಲೆ ಒಲೆ ಹಚ್ಚೋಣ.”

ನನ್ನಾಕೆ ನಕ್ಕು, “ಹೋಗಿ ಬನ್ನಿ ರೀ, ಹಸಿವಾಗ್ತಿದೆ” ಎಂದಳು. ಗೊಣಗುತ್ತಲೇ ಹೊರಟೆ. ಆ ಎತ್ತರದಲ್ಲಿ ಇನ್ನೂರು ಹೆಜ್ಜೆ ಏರುವುದೂ ಸುಲಭವಲ್ಲ. ಮೇಲೆ ಆಲೂಗೆಡ್ಡೆಯ ಹೊಲ, ಅದರ ಅಂಚಿಗೆ ಒಂದು ಮನೆ. ಹೊಲದಲ್ಲಿ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಕಾಲುವೆಯ ಮಣ್ಣು ಸರಿಸುತ್ತಿದ್ದರು. ನನ್ನ ಹಿಂದಿ ಕೇಳಿ, ಕೈಯಿಂದ ಬಿಸಿಲು ಮರೆಮಾಡಿಕೊಂಡು ಕೆಳಗೆ ನೋಡಿದರು. “ಅಲ್ಲಿ ಬೇಡ ಮಗನೆ. ಸಂಜೆಗೆ ನೀರು ಬರುತ್ತದೆ. ಇಲ್ಲಿ, ನನ್ನ ಮರಗಳ ಕೆಳಗೆ ತಂದು ನಿಲ್ಲಿಸು” ಎಂದರು.

ಆಕಾಶದಲ್ಲಿ ಮೋಡವೇ ಇಲ್ಲ, ನೀರೆಲ್ಲಿಂದ ಬರುತ್ತದೆ ಎಂದುಕೊಂಡೆ. ಬಯಲುನಾಡಿನ ಬುದ್ಧಿ! ಇಲ್ಲಿಯ ಹೊಳೆ ತುಂಬಲು ಮಳೆ ಬೇಕಾಗಿಲ್ಲ, ಬಿಸಿಲು ಸಾಕು. ಹಗಲಿಡೀ ಕರಗಿದ ಹಿಮ ಮೇಲಿನಿಂದ ಇಳಿದು ಬರುವ ಹೊತ್ತಿಗೆ ಸಾಯಂಕಾಲವಾಗುತ್ತದೆ. ಆದುದರಿಂದಲೇ ಈ ಕಡೆಯ ಚಾಲಕರು ರಸ್ತೆಗೆ ಅಡ್ಡ ಬರುವ ಹಳ್ಳಗಳನ್ನು ಬೆಳಿಗ್ಗೆಯೇ ದಾಟಿಬಿಡುತ್ತಾರೆ.

ವ್ಯಾನನ್ನು ಮೇಲೆ ತಂದು ನಿಲ್ಲಿಸಿದೆವು. ಅಡಿಗೆಯಲ್ಲಿ ಇನ್ನೊಂದು ಪಾಠ. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ತಪ್ಪಲೆಯಲ್ಲಿಟ್ಟ ಅಕ್ಕಿ ಮುಕ್ಕಾಲು ಗಂಟೆಯಾದರೂ ಅಕ್ಕಿಯಾಗಿಯೇ ಉಳಿಯಿತು. ಕೊನೆಗೆ ಕುಕ್ಕರೇ ಗತಿ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಚಕ್ಕುಲಿಯ ಪ್ಯಾಕೆಟ್ಟು ಪೂರಿಯಂತೆ ಉಬ್ಬಿ ಮಗಳನ್ನು ನಗಿಸಿತು. ಪಾತ್ರೆ ತೊಳೆಯಲು ನಾನು ಕಾಲುವೆಗೆ ಬಗ್ಗಿದೆ. ಆ ತಾಯಿ ನಯವಾಗಿ, “ಕೆಳಗಿನ ಮನೆಯವರು ಇದನ್ನೇ ಕುಡಿಯುತ್ತಾರೆ” ಎಂದರು. ನನಗೆ ನಾಚಿಕೆಯಾಯಿತು. ಅಂದಿನಿಂದ ನಮ್ಮ ನೀರೆಲ್ಲ ಬಕೆಟ್ಟಿನಲ್ಲಿ. ಮುಸುರೆಯನ್ನು ಹರಿಯುವ ನೀರಿನಿಂದ ನೂರು ಹೆಜ್ಜೆ ದೂರದಲ್ಲಿ ಚೆಲ್ಲುವುದು. ಶೌಚದ ಪೆಟ್ಟಿಗೆಯನ್ನು ಊರು ಸೇರಿದ ಮೇಲೆಯೇ ಬರಿದು ಮಾಡುವುದು. ಕಸ ಒಂದು ಚೀಲದಲ್ಲಿ ನಮ್ಮೊಡನೆಯೇ ಮರಳಿ ದೆಹಲಿಗೆ.

ಎದುರಿನ ಇಳಿಜಾರಿನಲ್ಲಿ ಗದ್ದಿ ಕುರಿಗಾಹಿಗಳ ಮಂದೆ ಬಿಳಿಯ ಚುಕ್ಕೆಗಳಂತೆ ಕಾಣುತ್ತಿತ್ತು. ಅವರು ಬೇಸಗೆಯಲ್ಲಿ ಕಣಿವೆಗಳನ್ನು ದಾಟಿ ಇಲ್ಲಿಗೆ ಬರುತ್ತಾರೆ. ಯಾವ ಮನೆತನದ ಮಂದೆ ಎಲ್ಲಿ ಮೇಯಬೇಕೆಂಬುದು ತಲೆತಲಾಂತರದಿಂದ ಗೊತ್ತಾಗಿದೆ. ಅರಣ್ಯ ಇಲಾಖೆಯ ಪರವಾನಗಿಯೂ ಬೇಕು. ಯಾರದೂ ಅಲ್ಲವೆಂದು ನಾನು ತಿಳಿದಿದ್ದ ಬೆಟ್ಟಕ್ಕೆ ಇಷ್ಟೆಲ್ಲ ಒಡೆತನ! ಇದೇ ಜಿಲ್ಲೆಯ ಚಂದ್ರತಾಲ್ ಸರೋವರದ ದಡದಲ್ಲಿಯಂತೂ ಈಗ ಗುಡಾರ ಹಾಕುವುದೇ ನಿಷೇಧ.

ಇಳಿಹೊತ್ತಿಗೆ ಹೊಳೆಯ ದನಿ ಬದಲಾಯಿತು. ಮೊದಲು ನೀರಿನ ಬಣ್ಣ ಬೂದಿಯಾಯಿತು, ಆಮೇಲೆ ಎಳೆಗಳು ಒಂದಕ್ಕೊಂದು ಕೂಡಿಕೊಂಡವು. ಕತ್ತಲಾಗುವ ಮುನ್ನ ನೋಡಿದರೆ ಮಗಳು ಇಟ್ಟಿದ್ದ ಮೂರು ಕಲ್ಲುಗಳು ಕಾಣಲಿಲ್ಲ. ನೀರು ಮೊಣಕಾಲು ಮಟ್ಟದ್ದಿರಬಹುದು. ಆದರೆ ವ್ಯಾನಿನ ಚಕ್ರ ಮರಳಿನಲ್ಲಿ ಹೂತು, ಕತ್ತಲೆಯಲ್ಲಿ ಅಮ್ಮನನ್ನೂ ಮಗುವನ್ನೂ ಎತ್ತಿಕೊಂಡು ನಾನು ಎಲ್ಲಿಗೆ ಓಡಬೇಕಾಗಿತ್ತು? 2014ರ ಜೂನ್ 8ರಂದು ಮಂಡಿ ಜಿಲ್ಲೆಯ ಥಲೌಟ್ ಬಳಿ, ಬಿಯಾಸ್ ನದಿಗೆ ಇಳಿದಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು, ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಅದು ಹಿಮದ ನೀರಲ್ಲ ನಿಜ. ಆದರೆ ಆ ಮಕ್ಕಳ ಕಣ್ಣಿಗೂ ಹೊಳೆ ಶಾಂತವಾಗಿಯೇ ಕಂಡಿದ್ದಿರಬೇಕು. ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಅದಕ್ಕೆ ಎತ್ತರವೊಂದೇ ಕಾರಣವಲ್ಲ.

ಬೆಳಿಗ್ಗೆ ಎದ್ದಾಗ ಅಮ್ಮ ವ್ಯಾನಿನ ಮೆಟ್ಟಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ನಾಲ್ಕೆಳೆ ರಂಗೋಲಿ ಹಾಕುತ್ತಿದ್ದರು. ಹೊಲದ ಒಡತಿ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಒಬ್ಬರದು ಕನ್ನಡ, ಇನ್ನೊಬ್ಬರದು ಲಾಹೌಲಿ. ಆದರೂ ಮಾತು ನಡೆದೇ ಇತ್ತು! ಬೆಣ್ಣೆ ಉಪ್ಪು ಹಾಕಿದ ಅಲ್ಲಿಯ ಚಹವನ್ನು ಅಮ್ಮ ಒಂದು ಬಟ್ಟಲು ಕುಡಿದು, “ಚಹ ಅಂತ ಕುಡಿದ್ರೆ ಆಗಲ್ಲ, ತಿಳಿಸಾರು ಅಂತ ಕುಡಿದ್ರೆ ರುಚಿಯಾಗಿದೆ” ಎಂದು ತೀರ್ಪು ಕೊಟ್ಟರು. ಹೊರಡುವಾಗ ನಾನು ಹಣ ತೆಗೆದರೆ ಆ ತಾಯಿ ಮುಟ್ಟಲಿಲ್ಲ. ಅಮ್ಮ ಚಕ್ಕುಲಿಯ ಡಬ್ಬವನ್ನು ಕೈಯಲ್ಲಿಟ್ಟಾಗ ಮಾತ್ರ ಬೇಡವೆನ್ನಲಿಲ್ಲ.

ದಾರಿಯಲ್ಲಿ ಅಮ್ಮ, “ನೋಡಿದೆಯಾ, ಕೇಳಿದ್ರೆ ಕೊಡ್ತಾರೆ” ಎಂದರು. ನಾನು ಬಾಡಿಗೆಯಿಲ್ಲದ ಬಿಡಾರ ಹುಡುಕಿಕೊಂಡು ಹೋಗಿದ್ದೆ. ಅಂತಹ ಬಿಡಾರಕ್ಕೂ ಒಂದು ಬಾಡಿಗೆಯುಂಟು. ಒಡೆಯರ ಮನೆಯವರೆಗೆ ನಡೆದುಹೋಗಿ ಒಂದು ಮಾತು ಕೇಳುವುದೇ ಅದು. ನಮ್ಮ ಪ್ರಾಣ ಉಳಿಸಿದ್ದೂ ಆ ಬಾಡಿಗೆಯೇ ಇರಬಹುದು.

ಇಷ್ಟರಲ್ಲಿ ಕಥೆ ಮುಗಿಯಬೇಕಿತ್ತು. ದೆಹಲಿಗೆ ಮರಳಿದ ಮೂರನೆಯ ದಿನ ಕಚೇರಿಯಿಂದ ಬಂದರೆ ಬಾಲ್ಕನಿಯಲ್ಲಿ ಎಣ್ಣೆ ಡಬ್ಬವಿರಲಿಲ್ಲ. ಕೆಳಗೆ ಬಗ್ಗಿ ನೋಡಿದೆ. ನೆಲಮಹಡಿಯ ಪಂಜಾಬಿ ಗೃಹಿಣಿಯ ಕೈತೋಟದ ಮೂಲೆಯಲ್ಲಿ ಅಮ್ಮ ಕುಕ್ಕರುಗಾಲಿನಲ್ಲಿ ಕುಳಿತು ತುಳಸಿಯ ಬುಡಕ್ಕೆ ಮಣ್ಣು ಒತ್ತುತ್ತಿದ್ದರು. ಆಕೆ ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತಿದ್ದರು. ಅಮ್ಮ ತಾವೇ ಹೋಗಿ, ಬರುವ ಅರೆಹಿಂದಿಯಲ್ಲಿ ಕೇಳಿದ್ದರಂತೆ.

ಮೂರು ವರ್ಷಗಳಲ್ಲಿ ಆ ಒಂದು ಮಾತನ್ನು ಅವರ ಪರವಾಗಿ ನಾನು ಕೇಳಬಹುದಿತ್ತು. ಕೇಳಿರಲಿಲ್ಲ.