ಮುತ್ತಿನ ಊರಿನಲ್ಲೊಂದು ಹವಳ

ಮುತ್ತಿನ ಊರಿಗೆ ಬಂದು ಹವಳದ ಪಾಲಾದವರು ನಾವು. ಪತ್ತರ್‌ಗಟ್ಟಿಯ ಮುತ್ತಿನ ಅಂಗಡಿಗಳ ಮುಂದೆ ಹಾಯುವಾಗಲೆಲ್ಲ ನಮ್ಮಾಕೆ ನಡಿಗೆ ನಿಧಾನ ಮಾಡುವುದೂ, ನಾವು ಅವಸರ ಮಾಡುವುದೂ ಹದಿನೈದು ವರ್ಷಗಳಿಂದ ನಡೆದುಬಂದ ಪದ್ಧತಿ. ಕೇಂದ್ರ ಸರ್ಕಾರದ ಗುಮಾಸ್ತರ ಸಂಬಳಕ್ಕೆ ಮುತ್ತು ದೂರದಲ್ಲಿದ್ದರೇ ಚೆಂದ ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೆವು. ಹವಳ ಮಾತ್ರ ಹೇಳದೆ ಕೇಳದೆ ಬರ್ಕತ್‌ಪುರದ ನಮ್ಮ ಬಾಡಿಗೆ ಮನೆಯ ಹಜಾರಕ್ಕೇ ಬಂದು ಕುಳಿತಿತು, ಅದೂ ಜೀವಂತವಾಗಿ.

ನಾವು ಹುಟ್ಟಿ ಬೆಳೆದದ್ದು ಮುರುಡೇಶ್ವರದ ಬಳಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದಲ್ಲಿ. ಆಕಾಶ ತಿಳಿಯಾಗಿದ್ದ ದಿನ ದಂಡೆಯಲ್ಲಿ ನಿಂತರೆ ದೂರದಲ್ಲಿ ನೇತ್ರಾಣಿ ದ್ವೀಪ ಗೂನುಬೆನ್ನಿನಂತೆ ಕಾಣುತ್ತಿತ್ತು. ಅದರ ಬುಡದಲ್ಲಿ ನೀರಿನೊಳಗೆ ಹವಳದ ದಿಬ್ಬಗಳಿವೆ ಎಂಬುದನ್ನು ಬಿ.ಎಸ್ಸಿ. ಓದುವಾಗ ಬಾಯಿಪಾಠ ಮಾಡಿದೆವೇ ಹೊರತು ಒಮ್ಮೆಯೂ ಹೋಗಿ ನೋಡಲಿಲ್ಲ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದ್ದಾಯಿತು. ಪರೀಕ್ಷೆ ಬರೆದು ಗುಮಾಸ್ತಿಕೆ ಸಿಕ್ಕಿತು. ವರ್ಗವಾಗಿ ಹೈದರಾಬಾದಿಗೆ ಬಂದೆವು. ಇಲ್ಲಿಂದ ಯಾವ ಸಮುದ್ರಕ್ಕಾದರೂ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಗಿಲು. ಆದರೂ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಕಚೇರಿ ಇಲ್ಲೇ ಇದೆ, ಅದರ ಕಟ್ಟಡವೂ ಮೀನಿನ ಆಕಾರದ್ದು. ವಿಮಾನ ನಿಲ್ದಾಣದ ಕಡೆಗೆ ಹೋಗುವ ಮೇಲುರಸ್ತೆಯಿಂದ ಅದನ್ನು ಕಂಡಾಗಲೆಲ್ಲ ಮಗರಾಯ ಹಟ ಹಿಡಿಯುತ್ತಿದ್ದ: "ಅಪ್ಪಾ, ನಮ್ಮನೆಯಲ್ಲೂ ಮೀನು ಸಾಕೋಣ. ಸಮುದ್ರದ್ದು!"

ಒಂಬತ್ತನೆಯ ಇಯತ್ತೆಯ ಹುಡುಗ ಮೊಬೈಲು ಬಿಟ್ಟು ಬೇರೆ ಏನನ್ನಾದರೂ ಕೇಳಿದನಲ್ಲ ಎಂಬ ಸಂತೋಷದಲ್ಲಿ ನಾವು ಒಪ್ಪಿದೆವು. ಇನ್ನೂರು ಲೀಟರಿನ ಗಾಜಿನ ತೊಟ್ಟಿ ಬಂತು. ಆಮೇಲೆ ತಿಳಿಯಿತು, ತೊಟ್ಟಿ ತರುವುದು ಸುಲಭ, ಸಮುದ್ರ ತರುವುದು ಕಷ್ಟ. ನಮ್ಮ ಬೋರ್‌ವೆಲ್ಲಿನ ನೀರು ಪಾತ್ರೆಗೆ ಬಿಳಿ ಕವಚ ಹಾಕುವಂಥ ಗಡಸು ನೀರು; ಅದು ಆಗದು. ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಮ್ಮಿಗೆಂದೇ ತಯಾರಿಸಿದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಬೆರೆಸಬೇಕು. ಇನ್ನೂರು ಲೀಟರಿಗೆ ಲೆಕ್ಕ ಹಾಕಿ, ಏಳು ಕಿಲೋ! ಬಕೆಟ್ಟಿನಲ್ಲಿ ಉಪ್ಪು ಕದಡುತ್ತಿದ್ದ ನಮ್ಮನ್ನು ನೋಡಿ ರಾಯಚೂರಿನ ನಮ್ಮಾಕೆ, "ಮೀನು ಸಾಕಾಕತ್ತೀರೋ, ಉಪ್ಪಿನಕಾಯಿ ಹಾಕಾಕತ್ತೀರೋ?" ಎಂದು ಕೇಳಿದಳು.

ಒಂದು ತಿಂಗಳು ತೊಟ್ಟಿಯಲ್ಲಿ ಬರಿಯ ನೀರು ಮತ್ತು ಕೃತಕ ಬಂಡೆ. ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಅಷ್ಟು ಕಾಲ ಬೇಕು. ನೋಡಲು ಬಂದ ನೆಂಟರು "ಮೀನೆಲ್ಲಿ?" ಎಂದರೆ "ಬರುತ್ತಿದೆ" ಎನ್ನುತ್ತಿದ್ದೆವು. ಕಚೇರಿಯಲ್ಲಿ ಇಪ್ಪತ್ತು ವರ್ಷ ಹೇಳಿ ಅಭ್ಯಾಸವಾದ ಮಾತು. ಕೊನೆಗೆ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನುಗಳು ಬಂದವು. 2024ರ ಜನವರಿಯಲ್ಲಿ ಮಗರಾಯ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಅದರಲ್ಲಿತ್ತು ಹೆಬ್ಬೆರಳಿನಷ್ಟು ಉದ್ದದ, ಕವಲೊಡೆದ, ನಸುನೇರಳೆ ಬಣ್ಣದ ಒಂದು ತುಂಡು. ಅವನ ಹುಟ್ಟುಹಬ್ಬದ ದುಡ್ಡೆಲ್ಲ ಅದಕ್ಕೇ ಹೋಗಿತ್ತು.

"ಕಲ್ಲಿಗೆ ಇಷ್ಟು ರೊಕ್ಕ ಕೊಟ್ಟಿಯೇನೋ?" ಎಂದಳು ತಾಯಿ.

ನಮ್ಮೊಳಗಿನ ಬಿ.ಎಸ್ಸಿ. ಎಚ್ಚತ್ತಿತು. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಅಂಬಲಿ ಮೀನಿನ ದಾಯಾದಿ. ಒಂದೊಂದು ರಂಧ್ರದಲ್ಲೂ ಎಳ್ಳಿನಷ್ಟು ಚಿಕ್ಕದಾದ ಜೀವ ಕುಳಿತು, ರಾತ್ರಿ ಹೊತ್ತು ಸಣ್ಣ ಬಾಹುಗಳನ್ನು ಚಾಚಿ ಆಹಾರ ಹಿಡಿಯುತ್ತದೆ. ನೀರಿನಲ್ಲಿರುವ ಸುಣ್ಣವನ್ನು ಹೀರಿ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಪಾಚಿ ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಒಡೆಯ ತನ್ನ ಕಸವನ್ನು ಪಾಚಿಗೆ ಗೊಬ್ಬರವಾಗಿ ಕೊಡುತ್ತಾನೆ. ನಾವು ಕಂಡ ಬಾಡಿಗೆ ಮನೆಗಳಲ್ಲೆಲ್ಲ ಇಷ್ಟು ಸೌಹಾರ್ದವಿರುವುದು ಇದೊಂದರಲ್ಲೇ. ನವರತ್ನಗಳಲ್ಲಿ ಜೀವಿಗಳು ಕಟ್ಟಿಕೊಟ್ಟವು ಎರಡೇ, ಮುತ್ತು ಮತ್ತು ಹವಳ. ಕುಜದೋಷಕ್ಕೆಂದು ಉಂಗುರದಲ್ಲಿ ತೊಡುವ ಕೆಂಪು ಹವಳ ಬೇರೆ ಜಾತಿ. ಅದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು.

ಅಂದಿನಿಂದ ನಮ್ಮ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಎದ್ದರೆ ಮೊದಲು ಉಷ್ಣಮಾಪಕ. ನೀರು 25-26 ಡಿಗ್ರಿಯಲ್ಲಿರಬೇಕು. ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಮಿಗೆ ಇಳಿಯಬಾರದು. ನೀರು ಆವಿಯಾದರೂ ಉಪ್ಪು ಆವಿಯಾಗದು. ಆದ್ದರಿಂದ ದಿನವೂ ಆರಿಹೋದಷ್ಟು ಸಿಹಿನೀರನ್ನೇ ತುಂಬಬೇಕು. ಅಲೆಗೆ ಒಂದು ಪಂಪು, ನೊರೆ ತೆಗೆಯಲು ಒಂದು ಯಂತ್ರ, ಬೆಳಗಿನಿಂದ ಸಂಜೆಯವರೆಗೆ ನೀಲಿ ಬೆಳಕು. ನಾವು ಒಂದು ನೋಟ್‌ಬುಕ್ಕಿನಲ್ಲಿ ಅಂಕಣ ಹಾಕಿ ಎಲ್ಲವನ್ನೂ ಬರೆಯತೊಡಗಿದೆವು. ಮಾರ್ಚ್ ಬಂದಾಗ ಬಿಸಿಲೇರಿತು. ನೀರು ತಂಪಾಗಿಸುವ ಯಂತ್ರದ ಬೆಲೆ ಕೇಳಿ, ಟೇಬಲ್ ಫ್ಯಾನನ್ನು ತೊಟ್ಟಿಯ ಮೇಲೆ ತಿರುಗಿಸಿಟ್ಟೆವು. ಮಧ್ಯಾಹ್ನ ನಮ್ಮಾಕೆ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ನೀರಿನ ಬಾಟಲಿ ತೇಲಿಬಿಡುತ್ತಿದ್ದಳು. ಕಲ್ಲು ಎಂದವಳೇ ಈಗ "ತಡೀರಿ, ಅದಕ್ಕೆ ಸೆಕಿ ಆಗ್ತೈತಿ" ಎನ್ನುತ್ತಿದ್ದಳು. ಮೂರು ತಿಂಗಳಲ್ಲಿ ಕವಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಹೊಸ ಬೆಳವಣಿಗೆ ಕಂಡಿತು. ಅಂದು ಮನೆಯಲ್ಲಿ ಪಾಯಸ.

ಏಪ್ರಿಲ್ಲಿನಲ್ಲಿ ಸಂಘದ ಬೇಸಿಗೆ ಶಿಬಿರದ ಮಕ್ಕಳಿಗೆ ವನ್ಯಜೀವಿಗಳ ಮೇಲೆ ರಸಪ್ರಶ್ನೆ ಸಿದ್ಧಪಡಿಸುವ ಕೆಲಸ, "ನೀವು ಬಿ.ಎಸ್ಸಿ. ಅಲ್ಲವೇ?" ಎಂಬ ಕಾರಣಕ್ಕೆ, ನಮ್ಮ ಪಾಲಿಗೆ ಬಂತು. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಒಂದನೆಯ ಅನುಸೂಚಿ ತೆಗೆದು ಓದುತ್ತ ಕುಳಿತೆವು. ಹುಲಿ ಇತ್ತು, ಆನೆ ಇತ್ತು, ನವಿಲು ಇತ್ತು. ಕೆಳಗೆ ಹೋದರೆ, 2001ರಲ್ಲಿ ಸೇರಿಸಿದ ಹೆಸರುಗಳಲ್ಲಿ ಕರಿಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆ, ಮತ್ತು ದಿಬ್ಬ ಕಟ್ಟುವ ಹವಳಗಳು, ಎಲ್ಲ ಜಾತಿಯವೂ.

ಎಲ್ಲ ಜಾತಿಯವೂ! ನಾವು ತಲೆಯೆತ್ತಿ ತೊಟ್ಟಿಯನ್ನು ನೋಡಿದೆವು. ಕಾನೂನಿನ ಕಣ್ಣಿಗೆ ನಮ್ಮ ಹಜಾರದಲ್ಲಿ ಹುಲಿಯ ಪಂಕ್ತಿಯ ಪ್ರಾಣಿಯೊಂದು ನೀಲಿ ಬೆಳಕಿನಲ್ಲಿ ಕುಳಿತಿತ್ತು. ಕಚೇರಿಯ ಪೆನ್ಸಿಲನ್ನೂ ಮನೆಗೆ ತರದವರು ನಾವು. ಮುಂದೆ ಓದಿದರೆ 39ನೆಯ ಕಲಮು ಇನ್ನೂ ಬಿಗಿ: ಇಂಥದ್ದು ಸರ್ಕಾರಿ ಸ್ವತ್ತು, ಯಾರ ಕೈಗಾದರೂ ಬಂದರೆ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ವರದಿ ಮಾಡಬೇಕು. ನಮ್ಮ ಕೈಗೆ ಬಂದು ಮೂರು ತಿಂಗಳಾಗಿತ್ತು.

ರಾತ್ರಿ ಮಗನಿಗೆ ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಡಿಗೆ ವಾಪಸು ಕೊಟ್ಟರೆ ಬೇರೆಯವರಿಗೆ ಮಾರ್ತಾರೆ. ಅರಣ್ಯದವರಿಗೇ ಕೊಡೋಣ ಅಪ್ಪಾ, ಅವರು ಬದುಕಿಸೋ ಕಡೆ ಕಳಿಸಬಹುದು" ಎಂದ. ಹದಿನಾಲ್ಕು ವರ್ಷದವನಿಗೆ ಹೊಳೆದ ದಾರಿ ನಮಗೂ ಹೊಳೆದಿತ್ತು. ಆದರೆ ನಮಗೆ ಅದರ ಜೊತೆಗೆ ಇನ್ನೂ ಏನೇನೋ ಹೊಳೆಯಿತು: ಪ್ರಕರಣ, ಇಲಾಖಾ ವಿಚಾರಣೆ, ಬಡ್ತಿ, ಪಿಂಚಣಿ.

ಪತ್ರವನ್ನಂತೂ ಬರೆದೆವು. ಉಲ್ಲೇಖ, ವಿಷಯ, ಲಗತ್ತು ಎಲ್ಲ ಕ್ರಮಬದ್ಧವಾಗಿ. "ಅಜ್ಞಾನದಿಂದ ಸಂಭವಿಸಿದ" ಎನ್ನುವುದೋ, "ತಿಳಿಯದೆ ಆದ" ಎನ್ನುವುದೋ ಎಂದು ಮೂರು ಕರಡು ಮಾಡಿದೆವು. ಯುಗಾದಿ ಬಂತು, ಹಬ್ಬದ ಮೇಲೆ ಕೊಡೋಣವೆಂದೆವು. ರಂಜಾನ್ ರಜೆ ಬಂತು. ಎರಡನೆಯ ಶನಿವಾರ ಬಂತು. ಶ್ರೀರಾಮನವಮಿ ಬಂತು. ಪತ್ರ ಮೇಜಿನ ಖಾನೆಯಲ್ಲಿತ್ತು. ಆ ವಾರಾಂತ್ಯ ರಾಯಚೂರಿನಲ್ಲಿ ನಮ್ಮಾಕೆಯ ತಮ್ಮನ ಮಗಳ ಮದುವೆ. ಸೋಮವಾರ ಖಂಡಿತ ಎಂದು ಮಗನಿಗೆ ಮಾತು ಕೊಟ್ಟು ಎಲ್ಲರೂ ರೈಲು ಹತ್ತಿದೆವು.

ಮದುವೆಯ ರಾತ್ರಿ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಒಂಬತ್ತು ಗಂಟೆ ಕರೆಂಟಿಲ್ಲ. ಇನ್ವರ್ಟರಿನ ಬ್ಯಾಟರಿ ಎರಡು ಗಂಟೆಯಲ್ಲಿ ಕೈಬಿಟ್ಟಿರಬೇಕು. ಮುಚ್ಚಿದ ಮನೆ, ನಿಂತ ಫ್ಯಾನು, ನಿಂತ ನೀರು. ಮರುದಿನ ಸಂಜೆ ಬಾಗಿಲು ತೆರೆದಾಗ ಕರೆಂಟು ಬಂದಿತ್ತು, ಯಂತ್ರಗಳೆಲ್ಲ ಏನೂ ಆಗದವರಂತೆ ಸದ್ದು ಮಾಡುತ್ತಿದ್ದವು. ನೀರು ಇನ್ನೂ 32 ಡಿಗ್ರಿ. ಮೀನುಗಳೆರಡೂ ಮೇಲ್ಭಾಗದಲ್ಲಿ ಬಾಯಿ ಬಿಡುತ್ತ ಬದುಕಿದ್ದವು. ಹವಳದ ನೇರಳೆ ಮೈ ಸಿಪ್ಪೆಯಂತೆ ಕಳಚಿ ನೀರಿನಲ್ಲಿ ತೇಲುತ್ತಿತ್ತು. ಉಳಿದದ್ದು ಬೆಳ್ಳಗಿನ ಸುಣ್ಣದ ಕಡ್ಡಿ.

ಮಗ ಕೇಳಿದ: "ಆ ವಾರವೇ ಪತ್ರ ಕೊಟ್ಟಿದ್ರೆ ಬದುಕ್ತಿತ್ತಾ ಅಪ್ಪಾ?"

ಗೊತ್ತಿಲ್ಲ ಎಂದೆವು. ಅದು ನಿಜವೇ. ಆದರೆ ಉತ್ತರ ಹೇಳುವಾಗ ಅವನ ಮುಖ ನೋಡಲಾಗಲಿಲ್ಲ ಎಂಬುದೂ ನಿಜ. ನಮ್ಮ ವೃತ್ತಿಯಲ್ಲಿ "ಪರಿಶೀಲನೆಯಲ್ಲಿದೆ" ಎಂದು ಷರಾ ಬರೆದರೆ ಕಡತ ವರ್ಷಗಟ್ಟಲೆ ಕೆಡದೆ ಕುಳಿತಿರುತ್ತದೆ. ಜೀವ ಹಾಗೆ ಕುಳಿತಿರುವುದಿಲ್ಲ ಎಂಬುದು ನಲವತ್ತು ದಾಟಿದ ಮೇಲೆ ನಮಗೆ ತಿಳಿಯಿತು.

ಸೋಮವಾರ ರಜೆ ಹಾಕಿ ಅರಣ್ಯ ಇಲಾಖೆಯ ಕಚೇರಿಗೆ ಹೋದೆವು. ಮಗನೂ ಬಂದ. ಸತ್ತದ್ದನ್ನು ಕೊಡಲು ಏಕೆ ಹೋಗಬೇಕೆಂದು ನಮ್ಮ ಸ್ನೇಹಿತರೊಬ್ಬರು ಅಡ್ಡ ಬಂದರು. ಅಸ್ಥಿಪಂಜರವಾದರೂ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಗನಿಗೆ ಕೊಟ್ಟ ಮಾತಿತ್ತು. ಅಲ್ಲಿದ್ದ ಹಿರಿಯರು ಪೊಟ್ಟಣ ಬಿಡಿಸಿ ನೋಡಿ, "ಪತ್ಥರ್ ಹೈ ಕ್ಯಾ?" ಎಂದರು. ನಾವು ಬಾಯಿ ತೆರೆಯುವ ಮೊದಲೇ ಮಗ, "ಪತ್ಥರ್ ನಹೀಂ ಸಾಬ್, ಜಾನ್ವರ್ ಹೈ" ಎಂದ. ಅವರು ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. ನಮ್ಮ ಹೇಳಿಕೆ ಬರೆಸಿಕೊಂಡರು, ಅಂಗಡಿಯ ವಿವರ ಕೇಳಿ ಗುರುತು ಹಾಕಿಕೊಂಡರು, ಎಚ್ಚರಿಕೆ ಕೊಟ್ಟರು, ಒಂದು ಸ್ವೀಕೃತಿ ಚೀಟಿ ಕೊಟ್ಟು ಕಳುಹಿಸಿದರು.

ಅದೇ ಏಪ್ರಿಲ್ ತಿಂಗಳಲ್ಲಿ ಜಗತ್ತಿನ ಸಮುದ್ರಗಳಲ್ಲೆಲ್ಲ ಹವಳಗಳು ಬಿಸಿಯಿಂದ ಬೆಳ್ಳಗಾಗುತ್ತಿವೆ, ಇಷ್ಟು ವ್ಯಾಪಕವಾಗಿ ಆಗುತ್ತಿರುವುದು ಇದು ನಾಲ್ಕನೆಯ ಸಲ ಎಂದು ವಿಜ್ಞಾನಿಗಳು ಘೋಷಿಸಿದ್ದರು. ಸಮುದ್ರ ತನ್ನ ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ಇದ್ದರೂ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿಬಿಡುತ್ತದೆ. ಬಣ್ಣ ಹೋಗುತ್ತದೆ, ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು, ಇಳಿಯದಿದ್ದರೆ ಉಪವಾಸದಿಂದ ಸಾಯುತ್ತದೆ. ಲಕ್ಷದ್ವೀಪದ ಹವಳಗಳು ಹೀಗೇ ಬೆಳ್ಳಗಾಗಿವೆ ಎಂದು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮೇ ತಿಂಗಳಲ್ಲಿ ತಿಳಿಸಿದರು. ಲಕ್ಷದ್ವೀಪ ನಮಗೇನೂ ಪರದೇಶವಲ್ಲ. ಅದರ ಉತ್ತರ ಭಾಗದ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಮ್ಮಾಕೆಯ ರಾಯಚೂರು ಹೈದರಾಬಾದಿನಿಂದ ಬಿಡಿಸಿಕೊಂಡು ಕನ್ನಡ ರಾಜ್ಯಕ್ಕೆ ಬಂದ ದಿನವೇ ಆ ಹವಳದ ದ್ವೀಪಗಳು ಕನ್ನಡ ಜಿಲ್ಲೆಯಿಂದ ಹೊರಟುಹೋದವು.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಮಗನನ್ನು ನೇತ್ರಾಣಿಗೆ ಕರೆದೊಯ್ದೆವು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೋಣಿ ಪ್ರಯಾಣ. ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಗುರಿ ಮಾಡಿಕೊಂಡಿದ್ದ ದ್ವೀಪ ಅದು. ಇತ್ತೀಚಿನ ವರ್ಷಗಳಲ್ಲಿ ಮುಳುಗಿ ನೋಡುವವರ ದ್ವೀಪವಾಗಿದೆ. ನಮಗೆ ಈಜು ಬರುತ್ತದೆ, ಧೈರ್ಯ ಬರುವುದಿಲ್ಲ; ದೋಣಿಯಲ್ಲೇ ಕುಳಿತೆವು. ಮಗ ಕನ್ನಡಕ, ಕೊಳವೆ ಕಟ್ಟಿಕೊಂಡು ಮಾರ್ಗದರ್ಶಿಯ ಕೈ ಹಿಡಿದು ನೀರಿಗಿಳಿದ. ಅರ್ಧ ಗಂಟೆಯ ಮೇಲೆ ಹತ್ತಿ ಬಂದು, ಮೈ ಒರೆಸಿಕೊಳ್ಳದೆಯೇ ಹೇಳಿದ: "ಅಪ್ಪಾ, ಅಲ್ಲಿ ಅದನ್ನ ಯಾರೂ ನೋಡಿಕೊಳ್ತಾನೇ ಇಲ್ಲ. ಆದ್ರೂ ಎಷ್ಟು ಚೆನ್ನಾಗಿದೆ!"

ನಾವು ಉಷ್ಣಮಾಪಕ, ಫ್ಯಾನು, ಬಾಟಲಿ, ನೋಟ್‌ಬುಕ್ಕು ಹಿಡಿದು ಮೂರು ತಿಂಗಳು ಮಾಡಿದ್ದನ್ನು ಸಮುದ್ರ ಎಷ್ಟೋ ಸಾವಿರ ವರ್ಷಗಳಿಂದ ಸುಮ್ಮನೆ ಮಾಡಿಕೊಂಡು ಬಂದಿದೆ. ಅದಕ್ಕೆ ನಮ್ಮಿಂದ ಬೇಕಾದದ್ದು ಆರೈಕೆಯಲ್ಲ, ಉಪದ್ರವ ಕೊಡದಿರುವುದು. "ನಾವೂ ಊರು ಬಿಟ್ಟು ಬಂದು ಇಲ್ಲಿ ಬದುಕಿಲ್ಲೇನು?" ಎಂದು ನಮ್ಮಾಕೆ ಹಿಂದೊಮ್ಮೆ ಹವಳದ ಪರವಾಗಿ ವಾದಿಸಿದ್ದಳು. ನಾವು ವರ್ಗಾವಣೆಯ ಆದೇಶಕ್ಕೆ ಸಹಿ ಹಾಕಿ, ಹಾಸಿಗೆ ಸುತ್ತಿಕೊಂಡು, ನಮ್ಮ ಕಾಲಲ್ಲಿ ನಡೆದು ಬಂದವರು. ಅದನ್ನು ಮುರಿದು ತಂದಿದ್ದರು.

ತೊಟ್ಟಿ ಈಗಲೂ ಹಜಾರದಲ್ಲಿದೆ. ಎರಡು ಕಿತ್ತಳೆ ಮೀನುಗಳಿವೆ, ಕೃತಕ ಬಂಡೆ ಇದೆ, ಹವಳವಿಲ್ಲ. ಸಂಘದ ಬಂಧುಗಳ ಮಕ್ಕಳು ಯಾರಾದರೂ ಸಮುದ್ರದ ಮೀನು ಸಾಕಬೇಕೆಂದರೆ ಭಾನುವಾರ ನಮ್ಮ ಮನೆಗೆ ಬರಲಿ. ಉಪ್ಪು ಅಳೆಯುವುದು, ನೀರು ತುಂಬುವುದು ಎಲ್ಲವನ್ನೂ ಮಗರಾಯ ಹೇಳಿಕೊಡುತ್ತಾನೆ. ಅಂಗಡಿಯಲ್ಲಿ ಕವಲೊಡೆದ ಬಣ್ಣದ ತುಂಡು ತೋರಿಸಿದರೆ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಪತ್ರದ ಕರಡು ನಮ್ಮಲ್ಲಿ ಮೂರು ಇವೆ, ಯಾವುದಾದರೂ ಒಯ್ಯಬಹುದು. ಆದರೆ ಹಬ್ಬ ಮುಗಿಯಲಿ ಎಂದು ಕಾಯಬೇಡಿ.