ಹೇಮಂತದಲ್ಲಿ ಆಗುಂಬೆಯ ದಾರಿ

ನಮ್ಮ ಕವಿಗಳು ವಸಂತಕ್ಕೂ ವರ್ಷಾಕಾಲಕ್ಕೂ ಸಲ್ಲಿಸಿದ ಗೌರವವನ್ನು ಹೇಮಂತಕ್ಕೆ ಸಲ್ಲಿಸಿದಂತೆ ತೋರುವುದಿಲ್ಲ. ಚಳಿಯ ಕಾಲವೆಂದರೆ ಕಂಬಳಿಯ ಕಾಲ, ಒಲೆಯ ಮುಂದೆ ಕುಳಿತುಕೊಳ್ಳುವ ಕಾಲ ಎಂಬುದೇ ಸಾಮಾನ್ಯರ ಭಾವನೆ. ಆದರೆ ಮಲೆನಾಡನ್ನು ಕಣ್ತುಂಬ ನೋಡಬೇಕೆಂಬವರಿಗೆ ಇದಕ್ಕಿಂತ ಅನುಕೂಲವಾದ ಋತು ಮತ್ತೊಂದಿಲ್ಲ. ಮಳೆಗಾಲದಲ್ಲಿ ಆಗುಂಬೆಯನ್ನು ನೋಡಿ ಬಂದೆನೆಂದು ಹೇಳುವವನು ಮಳೆಯನ್ನು ನೋಡಿ ಬಂದವನೇ ಹೊರತು ಆಗುಂಬೆಯನ್ನಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆ ಊರಿನಲ್ಲಿ ಆಷಾಢ ಶ್ರಾವಣಗಳಲ್ಲಿ ಹತ್ತು ಮಾರು ದೂರದ ಮರವೂ ಕಾಣುವುದು ದುರ್ಲಭ. ಮಾರ್ಗಶಿರ ಪುಷ್ಯಗಳಲ್ಲಿಯಾದರೋ ಆಕಾಶವು ತೊಳೆದ ತಟ್ಟೆಯಂತೆ ನಿರ್ಮಲವಾಗಿರುವುದು. ಬೆಟ್ಟಗಳ ಸಾಲು ಸಾಲುಗಳೂ ಎಣಿಸುವಂತೆ ಸ್ಪಷ್ಟವಾಗಿರುವುವು.

ಈ ದಾರಿಯಲ್ಲಿ ನಾನು ಹಲವು ಸಲ ಸಂಚರಿಸಿದ್ದೇನೆ. ಅವುಗಳಲ್ಲಿ 1996ನೆಯ ಇಸವಿಯ ಜನವರಿ ಮೊದಲ ವಾರದ ಪ್ರಯಾಣವೊಂದನ್ನು ವಾಚಕರ ಮುಂದಿಡಲು ಕಾರಣವುಂಟು. ನನ್ನ ತಂದೆಯವರ ಅಕ್ಕ, ನಮ್ಮೆಲ್ಲರ ಸೋದರತ್ತೆ, ಆಗ ಶಿವಮೊಗ್ಗೆಯಲ್ಲಿ ನಮ್ಮ ಮನೆಯಲ್ಲಿಯೇ ಇದ್ದರು. ಎಪ್ಪತ್ತನ್ನು ದಾಟಿದ ವಯಸ್ಸು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರಿಂದ ಹಾಸಿಗೆಯನ್ನು ಬಿಟ್ಟು ಏಳುವ ಹಾಗಿರಲಿಲ್ಲ. ಅವರು ಹುಟ್ಟಿದುದು ಆಗುಂಬೆಯ ಸಮೀಪದ ಒಂದು ಒಂಟಿಮನೆಯಲ್ಲಿ. ಮತ್ತೊಮ್ಮೆ ಅದನ್ನು ನೋಡುವ ಆಸೆ ಕೈಗೂಡದೆಂದು ಅವರೇ ತಿಳಿದುಕೊಂಡು, ಒಂದು ದಿನ ನನ್ನನ್ನು ಕರೆದು, "ನೀನಾದರೂ ಹೋಗಿ ಪಟ ತೆಗೆದುಕೊಂಡು ಬಾರೋ. ಕುಂದಾದ್ರಿಯ ಮೇಲಿನ ಕಾವಳ, ನಮ್ಮ ಮನೆಯ ಬಾವಿಕಟ್ಟೆ, ಘಟ್ಟದ ಮೇಲೆ ಸೂರ್ಯ ಮುಳುಗುವುದು, ಈ ಮೂರು ಸಾಕು," ಎಂದರು. ಅವರು ನನ್ನಲ್ಲಿ ಏನನ್ನಾದರೂ ಬೇಡಿದುದು ಅದೊಂದೇ ಸಲ.

ಕೈಯಲ್ಲಿರುವ ದೂರವಾಣಿಯಲ್ಲಿಯೇ ಚಿತ್ರ ತೆಗೆಯುವ ಕಾಲ ಅದಲ್ಲ. ಮಿತ್ರರೊಬ್ಬರು ತಮ್ಮ ಕ್ಯಾಮೆರಾವನ್ನು ಪ್ರೀತಿಯಿಂದ ಕೊಟ್ಟರು. ಮೂವತ್ತಾರು ಚಿತ್ರಗಳ ಒಂದು ಸುರುಳಿಯನ್ನು ಅವರೇ ಅದರೊಳಗೆ ಸೇರಿಸಿ, ಒಂದೊಂದು ಚಿತ್ರ ತೆಗೆದ ಮೇಲೂ ಹೇಗೆ ಸನ್ನೆಯನ್ನು ಎಳೆದು ಸುರುಳಿಯನ್ನು ಮುಂದಕ್ಕೆ ಸರಿಸಬೇಕೆಂಬುದನ್ನು ತೋರಿಸಿಕೊಟ್ಟರು. ಬಾಡಿಗೆಯ ಅಂಬಾಸಿಡರ್ ಮೋಟಾರೊಂದನ್ನು ಗೊತ್ತುಮಾಡಿ, ಭಾನುವಾರ ಬೆಳಗಿನ ಐದು ಗಂಟೆಗೆ ನಾನು, ನನ್ನ ಪತ್ನಿ, ಎಂಟು ವರ್ಷದ ಮಗಳು ಮೂವರೂ ಹೊರಟೆವು.

ಹುಣ್ಣಿಮೆ ಆಗಷ್ಟೇ ಕಳೆದಿತ್ತು. ಚಂದ್ರನು ಪಶ್ಚಿಮದಲ್ಲಿ ನಮಗಿಂತ ಮುಂದಾಗಿ ಸಾಗುತ್ತಿದ್ದನು. ಗಾಜನೂರಿನ ಕಟ್ಟೆಯ ನೀರು ಬೆಳುದಿಂಗಳಲ್ಲಿ ಸೀಸದ ಹಾಗೆ ಹೊಳೆಯುತ್ತಿತ್ತು. ಮಂಡಗದ್ದೆಯನ್ನು ಕತ್ತಲೆಯಲ್ಲಿಯೇ ದಾಟಿದೆವು. ಅಲ್ಲಿನ ನಡುಗಡ್ಡೆಗಳಿಗೆ ಹಕ್ಕಿಗಳು ಗೂಡುಕಟ್ಟಲು ಬರುವುದು ಮಳೆಗಾಲದಲ್ಲಾದುದರಿಂದ ನಿಲ್ಲುವ ಕಾರಣವೂ ಇರಲಿಲ್ಲ. ತೀರ್ಥಹಳ್ಳಿಯನ್ನು ಸೇರುವ ವೇಳೆಗೆ ಮೂಡಲು ಬೆಳ್ಳಗಾಯಿತು. ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಕಮಾನುಸೇತುವೆಯ ಕೆಳಗೆ ತುಂಗೆಯು ಹರಿಯುತ್ತಿದ್ದಳೆಂಬುದು ಶಬ್ದದಿಂದ ತಿಳಿಯುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ಹೊಳೆಯ ಉದ್ದಕ್ಕೂ ಹಬೆಯೆದ್ದು ಮತ್ತೊಂದು ಬಿಳಿಯ ಹೊಳೆ ಹರಿಯುವಂತಿತ್ತು. ಅಲ್ಲಿ ಎರಡು ಚಿತ್ರಗಳನ್ನು ತೆಗೆದು, ಬಿಸಿ ಕಾಫಿಯನ್ನು ಕುಡಿದು, ಆಗುಂಬೆಯ ದಾರಿಯನ್ನು ಹಿಡಿದೆವು.

ಗುಡ್ಡೇಕೇರಿಯ ಬಳಿ ಮುಖ್ಯ ಮಾರ್ಗವನ್ನು ಬಿಟ್ಟರೆ ಕುಂದಾದ್ರಿಯು ಸಿಗುವುದು. ಜೈನಾಚಾರ್ಯರಾದ ಕುಂದಕುಂದರು ತಪಸ್ಸು ಮಾಡಿದ ಸ್ಥಳವೆಂದು ಸಂಪ್ರದಾಯವು ಹೇಳುವುದು. ಬೆಟ್ಟಕ್ಕೆ ಆ ಹೆಸರು ಬಂದುದೂ ಅವರಿಂದಲೇ. ಶಿಖರದಲ್ಲಿ ಪಾರ್ಶ್ವನಾಥನ ಬಸದಿಯುಂಟು. ಪಕ್ಕದಲ್ಲಿ ಬಂಡೆಗಳ ನಡುವೆ ತಿಳಿನೀರಿನ ಕೊಳವುಂಟು. ಮೋಟಾರನ್ನು ಬುಡದಲ್ಲಿ ನಿಲ್ಲಿಸಿ ನಡೆದೇ ಹತ್ತಿದೆವು. ಅರ್ಧ ದಾರಿಯವರೆಗೆ ನಾವು ಕಾವಳದೊಳಗೇ ಇದ್ದೆವು. ಹುಬ್ಬುಗಳ ಮೇಲೂ ಹನಿ ಕಟ್ಟಿತು. ಒಮ್ಮೆಲೇ ತಲೆಯ ಮೇಲೆ ನೀಲಿಯು ಕಾಣಿಸಿತು. ನಾಲ್ಕು ಹೆಜ್ಜೆ ಇಡುವುದರೊಳಗಾಗಿ ಬಿಸಿಲಿಗೆ ಬಂದು ನಿಂತಿದ್ದೆವು.

ಅಲ್ಲಿಂದ ಕಂಡ ನೋಟವನ್ನು ಕ್ಷೀರಸಾಗರವೆಂದರೆ ಅದು ಕೇವಲ ಅಲಂಕಾರವಲ್ಲ. ಕೆಳಗಿನ ಗದ್ದೆ, ತೋಟ, ಹಳ್ಳಿ, ಹೊಳೆ ಯಾವುದೂ ಇಲ್ಲ. ಎಲ್ಲವನ್ನೂ ಮುಚ್ಚಿ ದಿಗಂತದವರೆಗೆ ಬೆಳ್ಳನೆಯ ಸಮತಲ. ಅದರ ಮೇಲೆ ತಲೆಯೆತ್ತಿದ ಬೆಟ್ಟಗಳು ದ್ವೀಪಗಳಂತಿದ್ದುವು. ಇದರ ಕಾರಣ ಸರಳವಾದುದು. ಮೋಡವಿಲ್ಲದ ಚಳಿಯ ರಾತ್ರಿಯಲ್ಲಿ ನೆಲವು ತನ್ನ ಕಾವನ್ನು ಬೇಗ ಕಳೆದುಕೊಳ್ಳುವುದು. ತಣ್ಣಗಾದ ಗಾಳಿಯು ಭಾರವಾಗಿ ಕಣಿವೆಗಳಿಗೆ ಇಳಿದು ತಂಗುವುದು. ಹೊಳೆಗಳ, ತೋಟಗಳ ನೀರಾವಿಯು ಆ ತಂಪಿಗೆ ಸಣ್ಣ ಹನಿಗಳಾಗಿ ಕಾವಳವಾಗುವುದು. ಬಿಸಿಲು ಬಲಿತು ನೆಲವು ಕಾದೊಡನೆ ಅದು ಕರಗಿಹೋಗುವುದು. ಆದುದರಿಂದ ಒಂಬತ್ತು ಗಂಟೆಯ ಮೇಲೆ ಬರುವವರಿಗೆ ಈ ಭಾಗ್ಯವಿಲ್ಲ.

ನಾನು ಒಂದು ಚಿತ್ರವನ್ನು ತೆಗೆದೆನು. ಎರಡನೆಯದಕ್ಕಾಗಿ ಸನ್ನೆಯನ್ನು ಎಳೆದಾಗ ಅದು ಅರ್ಧಕ್ಕೆ ನಿಂತಿತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಗುಂಡಿಯನ್ನು ಒತ್ತಿದರೆ ಶಬ್ದವೇ ಇಲ್ಲ. ಅಂಗೈಯಲ್ಲಿಟ್ಟು ಕಾವು ಕೊಟ್ಟು ನೋಡಿದೆನು, ಫಲವಿಲ್ಲ. ಬುಡಕ್ಕೆ ಇಳಿದ ಮೇಲೆ ನಮ್ಮ ಸಾರಥಿಯು, ಯಂತ್ರಗಳ ವಿಷಯದಲ್ಲಿ ಬಲ್ಲವನು, ಬೆನ್ನಿನ ಮುಚ್ಚಳವನ್ನು ತೆರೆದು ನೋಡೋಣವೆಂದನು. ಆದರೆ ಸುರುಳಿಯ ಮೇಲೆ ಬೆಳಕು ಬಿದ್ದರೆ ತೆಗೆದ ಮೂರು ಚಿತ್ರಗಳೂ ನಾಶವಾಗುವುವು. ಹಾಗೆಯೇ ಚೀಲಕ್ಕೆ ಹಾಕಿದೆವು. ಬಾವಿಕಟ್ಟೆಯೂ ಸೂರ್ಯಾಸ್ತವೂ ಇನ್ನೂ ಮುಂದಿದ್ದುವು. ಚಿತ್ರ ತೆಗೆಯುವ ಉಪಾಯವು ಮುಗಿದಿತ್ತು. ರಿಪೇರಿ ಮಾಡಿಸಿ ಮತ್ತೊಂದು ದಿನ ಬರೋಣವೆಂದರೆ ರಜೆಯಿಲ್ಲ, ಮೋಟಾರಿನ ಬಾಡಿಗೆಯೂ ಅಲ್ಪವಲ್ಲ. ಎಲ್ಲಕ್ಕೂ ಮಿಗಿಲಾಗಿ, ಅತ್ತೆಯವರ ದೇಹಸ್ಥಿತಿಯನ್ನು ನೋಡಿದರೆ ಮತ್ತೊಂದು ದಿನವನ್ನು ನಂಬುವಂತಿರಲಿಲ್ಲ.

ನಾನು ಮಾತಿಲ್ಲದೆ ಕುಳಿತಿದ್ದುದನ್ನು ನೋಡಿ ನನ್ನ ಪತ್ನಿಯು, "ಪೆಟ್ಟಿಗೆ ಕೆಟ್ಟರೇನಾಯಿತು ರೀ, ನಮ್ಮ ಕಣ್ಣು ಕೆಟ್ಟಿಲ್ಲವಷ್ಟೆ. ಮೂವರಿದ್ದೇವೆ, ಹಂಚಿಕೊಂಡು ನೋಡೋಣ," ಎಂದಳು. ಮೇಘದೂತದ ಯಕ್ಷನು ರಾಮಗಿರಿಯಿಂದ ಅಲಕಾಪುರಿಯವರೆಗಿನ ದಾರಿಯನ್ನೆಲ್ಲ ಬರಿಯ ಮಾತಿನಿಂದಲೇ ಮೋಡಕ್ಕೆ ತೋರಿಸಿಕೊಟ್ಟನೆಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳುತ್ತಿದ್ದ ನನಗೆ, ಆ ಮಾತು ನಾಟಿತು. ಅಂದಿನಿಂದ ಸಂಜೆಯವರೆಗಿನ ಕೆಲಸವನ್ನು ಹಂಚಿಕೊಂಡೆವು: ಕಣ್ಣಿಗೆ ಕಾಣುವುದು ನನ್ನ ಪಾಲಿಗೆ, ಮೂಗಿಗೂ ಕೈಗೂ ತಿಳಿಯುವುದು ಅವಳ ಪಾಲಿಗೆ, ಕಿವಿಗೆ ಬೀಳುವುದು ಮಗುವಿನ ಪಾಲಿಗೆ. ಮಗಳ ಬಳಿ ಶಾಲೆಯ ಹಳೆಯ ನೋಟು ಪುಸ್ತಕವೊಂದಿತ್ತು. ಎಲ್ಲವನ್ನೂ ಅದರಲ್ಲಿ ಗುರುತುಹಾಕತೊಡಗಿದಳು.

ಹೀಗೆ ಹೊರಟ ಮೇಲೆ ದಾರಿಯೇ ಬೇರೆಯಾಯಿತು. ಮೊದಲು ಐದು ನಿಮಿಷ ನಿಂತು, ಚಿತ್ರ ತೆಗೆದು, ಮೋಟಾರು ಹತ್ತುತ್ತಿದ್ದ ನಾವು ಈಗ ಒಂದೊಂದು ಕಡೆಯಲ್ಲಿಯೂ ಸಾಕಷ್ಟು ಹೊತ್ತು ನಿಲ್ಲಬೇಕಾಯಿತು. ಕೊಯ್ಲು ಮುಗಿದ ಗದ್ದೆಗಳಲ್ಲಿ ಕೂಳೆಯ ಮೇಲೆ ಜೇಡರ ಬಲೆಗಳು ಇಬ್ಬನಿಯಿಂದ ತೋಯ್ದು ಹಾಸಿದ ಬಟ್ಟೆಯಂತಿದ್ದುವು. ಕಣಗಳಲ್ಲಿ ಹೊಸ ಹುಲ್ಲಿನ ಬಣವೆಗಳು ಎದ್ದಿದ್ದುವು. ಕಾಡಿನ ಅಂಚಿನಲ್ಲಿ ಮಂಗಟ್ಟೆ ಹಕ್ಕಿಯ ಕೂಗನ್ನು ಕೇಳಿ ಮಗಳು "ಮುದುಕ ಕೆಮ್ಮುತ್ತಾ ನಕ್ಕ ಹಾಗೆ" ಎಂದು ಬರೆದುಕೊಂಡಳು. ಅತ್ತೆಯವರ ತವರುಮನೆಯಲ್ಲಿ ಈಗ ಅವರ ದಾಯಾದಿಗಳಿದ್ದರು. ಅದು ಅಡಿಕೆಯ ಕೊಯ್ಲಿನ ಕಾಲ. ಅಂಗಳದಲ್ಲಿ ಬೇಯಿಸಿದ ಅಡಿಕೆಯು ಚಾಪೆಗಳ ಮೇಲೆ ಹರಡಿತ್ತು. ಹಂಡೆಯಿಂದ ಚೊಗರಿನ ವಾಸನೆ ಬರುತ್ತಿತ್ತು. ಅವರು ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ಬಾವಿಕಟ್ಟೆಯ ಒಂದು ಕಲ್ಲಿನಲ್ಲಿ ಹಗ್ಗವು ಉಜ್ಜಿ ಉಜ್ಜಿ ಮೂರು ಗೀರುಗಳಾಗಿದ್ದುವು. ನನ್ನ ಪತ್ನಿಯು ಅವುಗಳಲ್ಲಿ ಬೆರಳಿಟ್ಟು ಆಳವನ್ನು ಅಳೆದಳು.

ಸಂಜೆ ನಾಲ್ಕರ ಹೊತ್ತಿಗೆ ಆಗುಂಬೆಯನ್ನು ಸೇರಿದೆವು. ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದ ಈ ಚಿಕ್ಕ ಊರನ್ನು ಕ್ಯಾಮೆರಾವೇ ದೇಶಕ್ಕೆಲ್ಲ ಪರಿಚಯ ಮಾಡಿಕೊಟ್ಟಿತೆಂಬುದು ವಿನೋದವಾದ ಸಂಗತಿ, ಆರ್. ಕೆ. ನಾರಾಯಣರ ಮಾಲ್ಗುಡಿಯನ್ನು ಶಂಕರನಾಗರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದುದು ಇಲ್ಲಿಯೇ. ಊರು ನಿಂತಿರುವುದು ನೀರಿನ ಎರಡು ದಾರಿಗಳ ನಡುವಿನ ಏಣಿನ ಮೇಲೆ. ಪೂರ್ವಕ್ಕೆ ಇಳಿದ ಮಳೆನೀರು ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ, ಬಂಗಾಳಕೊಲ್ಲಿಗೆ ಹೋಗುವುದು. ಪಶ್ಚಿಮಕ್ಕೆ ಇಳಿದುದು ಸೀತಾನದಿಯ ಮೂಲಕ ಅರಬ್ಬೀ ಸಮುದ್ರಕ್ಕೆ. ಒಂದೇ ಮೋಡದ ನೆರೆಹೊರೆಯ ಎರಡು ಹನಿಗಳು ಹೀಗೆ ಎರಡು ಕಡಲುಗಳ ಪಾಲಾಗುವುವು.

ಊರಿನಿಂದ ಸ್ವಲ್ಪ ದೂರದಲ್ಲಿ, ಘಟ್ಟದ ದಾರಿಯು ಇಳಿಯತೊಡಗುವಲ್ಲಿ, ಸೂರ್ಯಾಸ್ತವನ್ನು ನೋಡುವ ಕಟ್ಟೆಯುಂಟು. ಅಲ್ಲಿಂದ ಕರಾವಳಿಗೆ ನೇರವಾಗಿ ಸುಮಾರು 40 ಕಿಲೋಮೀಟರು. ಹವೆಯು ತಿಳಿಯಾಗಿರುವ ದಿನಗಳಲ್ಲಿ ಸಮುದ್ರವು ಬೆಳ್ಳಿಯ ಗೆರೆಯಂತೆ ಕಾಣುವುದು. ಅಂದು ಕಂಡಿತು. ಆರು ಗಂಟೆಯ ಮೇಲೆ ಸೂರ್ಯನು ಕೆಂಪಾಗಿ, ಮೊದಲು ತುಸು ಚಪ್ಪಟೆಯಾದನು. ಬಳಿಕ ಕಂಠವಿರುವ ಗಡಿಗೆಯಂತಾದನು. ಅನಂತರ ಮಗುಚಿದ ಬೋಗುಣಿಯಂತೆ ಕಂಡನು. ಕೊನೆಗೆ ಒಂದು ಕೆಂಡವಾಗಿ ನಂದಿದನು. ದಿಗಂತದ ದಟ್ಟವಾದ ಗಾಳಿಯಲ್ಲಿ ಬೆಳಕಿನ ಕಿರಣಗಳು ಬಾಗುವುದರಿಂದ ಹೀಗಾಗುವುದು. ಬಿಂಬದ ಕೆಳಗಿನ ಅಂಚು ಮೇಲಿನದಕ್ಕಿಂತ ಹೆಚ್ಚಾಗಿ ಎತ್ತಲ್ಪಟ್ಟು ಕಾಣುವುದರಿಂದ ಚಪ್ಪಟೆ. ಬಿಸಿ ತಂಪು ಗಾಳಿಗಳ ಪದರಗಳಿಂದ ಗಡಿಗೆಯ ಆಕಾರ. ಇದಕ್ಕಿಂತಲೂ ಆಶ್ಚರ್ಯವಾದುದೊಂದುಂಟು. ಈ ಬಾಗುವಿಕೆಯು ಸೂರ್ಯಬಿಂಬದ ಅಗಲದಷ್ಟೇ ಇರುವುದರಿಂದ, ಬಿಂಬವು ಕಡಲನ್ನು ಮುಟ್ಟಿತೆಂದು ನಾವು ನೋಡುತ್ತಿರುವಾಗ ನಿಜವಾದ ಸೂರ್ಯನು ಆಗಲೇ ದಿಗಂತದ ಕೆಳಕ್ಕೆ ಇಳಿದಿರುತ್ತಾನೆ.

ರಾತ್ರಿ ಮನೆಯನ್ನು ಸೇರಿದಾಗ ಹತ್ತು ಗಂಟೆ. ಅತ್ತೆಯವರು ಎಚ್ಚರವಾಗಿಯೇ ಇದ್ದರು. ನಡೆದುದನ್ನು ಹೇಳಿದೆನು. ಅವರ ಮುಖವು ಕ್ಷಣಕಾಲ ಬಾಡಿತು. ಆದರೆ ಮಗಳು ಹಾಸಿಗೆಯ ಬಳಿ ಕುಳಿತು ಪುಸ್ತಕವನ್ನು ತೆರೆದು ಓದತೊಡಗಿದಳು. ಮೊದಲು ಸುಮ್ಮನೆ ಕೇಳಿದರು. ಆಮೇಲೆ ತಾವೇ ಕೇಳತೊಡಗಿದರು. "ಬಾವಿಯ ನೀರು ಬೆಚ್ಚಗಿತ್ತೇನೇ?" ಎಂದರು. ಬೆಚ್ಚಗಿತ್ತೆಂದು ನನ್ನ ಪತ್ನಿ ಹೇಳಿದಳು. ಮಾಗಿಯಲ್ಲಿ ಹೊರಗಿನ ಗಾಳಿ ತಣ್ಣಗಾದರೂ ಆಳದ ನೀರು ತನ್ನ ಕಾವನ್ನು ಬಿಡುವುದಿಲ್ಲವಷ್ಟೆ. ಕಲ್ಲಿನ ಗೀರುಗಳು ಮೂರೆಂದಾಗ ಅತ್ತೆಯವರು ನಕ್ಕು, "ನನ್ನ ಕಾಲಕ್ಕೆ ಎರಡೇ ಇದ್ದುವು," ಎಂದರು. ಪುಸ್ತಕದಲ್ಲಿದ್ದುದು ಎಂಟು ಪುಟ. ಅದು ಮುಗಿಯುವುದಕ್ಕೆ ನಾಲ್ಕು ರಾತ್ರಿಗಳು ಬೇಕಾದುವು. ನಾವು ಒಂದು ಹೇಳಿದರೆ ಅವರು ಹತ್ತು ಹೇಳುತ್ತಿದ್ದರು. ನನ್ನ ತಂದೆಯವರ ಬಾಲ್ಯದ ಎಷ್ಟೋ ಸಂಗತಿಗಳನ್ನು ನಾನು ತಿಳಿದುದು ಆಗಲೇ.

ವಾರದ ಮೇಲೆ ಚಿತ್ರಶಾಲೆಯವರು ಕತ್ತಲೆಯ ಕೋಣೆಯಲ್ಲಿ ಕ್ಯಾಮೆರಾವನ್ನು ಬಿಚ್ಚಿದರು. ಬೆಳಕನ್ನು ತಡೆಯುವ ಒಳಗಿನ ಪರದೆಯು ಹಳತಾಗಿ ಸಿಕ್ಕಿಕೊಂಡಿತ್ತಂತೆ. ಸೇತುವೆಯ ಎರಡು ಚಿತ್ರಗಳೂ ಕಪ್ಪಾಗಿ ಹೋಗಿದ್ದುವು. ಕುಂದಾದ್ರಿಯ ಮೇಲೆ ತೆಗೆದುದೊಂದು ಬಂದಿತ್ತು. ಆದರೆ ಮೂಲೆಯಲ್ಲಿ ಒಂದು ಬೆಟ್ಟದ ತುದಿಯ ಹೊರತು ಕಾಗದವೆಲ್ಲ ಬಿಳುಪು. ಕೆಟ್ಟುಹೋದ ಚಿತ್ರವೆಂದು ಅದಕ್ಕೆ ಹಣವನ್ನೂ ಅವರು ತೆಗೆದುಕೊಳ್ಳಲಿಲ್ಲ. ಅತ್ತೆಯವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಕೆಟ್ಟಿಲ್ಲ ಕಣೋ. ನಮ್ಮೂರ ಬೆಳಗಾಗುವುದೇ ಹೀಗೆ," ಎಂದು ದಿಂಬಿನ ಕೆಳಗಿಟ್ಟುಕೊಂಡರು. ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ.

ಈ ದಾರಿಯಲ್ಲಿ ಹೋಗಬಯಸುವವರಿಗೆ ಕೆಲವು ಮಾತುಗಳು. ನವೆಂಬರಿನಿಂದ ಜನವರಿಯವರೆಗೆ ಸೂರ್ಯಾಸ್ತಕ್ಕೆ ಒಳ್ಳೆಯ ಕಾಲ. ಕುಂದಾದ್ರಿಗೆ ಹೋಗುವವರು ಬೆಳಕು ಹರಿಯುವ ವೇಳೆಗೆ ಬುಡದಲ್ಲಿರಬೇಕು. ಘಟ್ಟದಲ್ಲಿ ಕಡಿದಾದ 14 ತಿರುವುಗಳಿವೆ. ಇಳಿಯುವುದಾದರೆ ಹಗಲಿನಲ್ಲಿಯೇ ಇಳಿಯುವುದು ಕ್ಷೇಮ. ಕಾಡಿನಲ್ಲಿ ಆಸಕ್ತಿಯುಳ್ಳವರು, ಉರಗತಜ್ಞರಾದ ರೋಮುಲಸ್ ವಿಟೇಕರರು ಕಾಳಿಂಗಸರ್ಪಗಳ ಅಧ್ಯಯನಕ್ಕಾಗಿ 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡಿನ ಸಂಶೋಧನಾ ಕೇಂದ್ರದ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಬಹುದು. ಕುವೆಂಪು ಅವರ ಕುಪ್ಪಳಿಯೂ ಇದೇ ತಾಲ್ಲೂಕಿನಲ್ಲಿರುವುದರಿಂದ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಂಡರೆ ಒಳ್ಳೆಯದು. ಈಗ ಚಿತ್ರ ತೆಗೆಯುವ ಸಾಧನವು ಎಲ್ಲರ ಕೈಯಲ್ಲಿಯೂ ಉಂಟು. ತೆಗೆಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಹೊರಗೆ ಬರಲಾರದ ಹಿರಿಯರೊಬ್ಬರಿದ್ದರೆ, ಚೀಲದಲ್ಲಿ ಒಂದು ನೋಟು ಪುಸ್ತಕವೂ ಪೆನ್ಸಿಲೂ ಇರಲಿ. ಹಿಂದಿರುಗಿದ ರಾತ್ರಿ ಅವರ ಬಳಿ ಕುಳಿತು ಓದುವ ಕೆಲಸವನ್ನು ಮಕ್ಕಳಿಗೆ ಬಿಡಿರಿ.